ರೆಫರೆನ್ಸ್ ಎಲ್ಲಿಯವರೆಗೆ ಉಳಿಯುತ್ತದೆ: ಉದಾಹರಣೆಗಳನ್ನು ಕರೆಯುವವರ ಕಡೆಯಿಂದ ಬರೆಯಬೇಕು

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುವಾಗ ಎಲ್ಲಿ ತಡವರಿಸಿದಿರಿ ಎಂದು ಕೇಳಿದರೆ ಬಹಳ ಮಂದಿ ರೆಫರೆನ್ಸ್‌ಗಳ ಲೈಫ್‌ಟೈಮ್ ಎನ್ನುತ್ತಾರೆ. ಚಿಕ್ಕಮಗಳೂರಿನಲ್ಲಿ ವಾರಾಂತ್ಯಗಳಲ್ಲಿ ಕೂಡುವ ನಮ್ಮ ಸಣ್ಣ ಅಧ್ಯಯನ ಗುಂಪಿನಲ್ಲಿಯೂ ನಾನು ಕಂಡಿರುವುದು ಇದನ್ನೇ. ಸಿ ಅಥವಾ ಜಾವಾ ಬಲ್ಲ ಹುಡುಗ ಹುಡುಗಿಯರು ಮಾಲೀಕತ್ವದ ನಿಯಮವನ್ನು ಬೇಗ ಹಿಡಿಯುತ್ತಾರೆ, ಈನಮ್ ಮತ್ತು ಟ್ರೇಟ್‌ಗಳನ್ನು ಇಷ್ಟಪಟ್ಟು ಬಳಸುತ್ತಾರೆ. ಆದರೆ ಫಂಕ್ಷನ್ನಿನ ಸಿಗ್ನೇಚರ್‌ನಲ್ಲಿ, ಅಂದರೆ ಅದು ಏನನ್ನು ಪಡೆದು ಏನನ್ನು ಹಿಂದಿರುಗಿಸುತ್ತದೆ ಎಂದು ಹೇಳುವ ಭಾಗದಲ್ಲಿ, ಒಂಟಿ ಉದ್ಧರಣ ಚಿಹ್ನೆಯೂ ಅದರ ಬೆನ್ನಿಗೆ ಒಂದು ಅಕ್ಷರವೂ ಕಾಣಿಸಿಕೊಂಡ ಕೂಡಲೇ ಅವರ ಕೈ ನಿಧಾನವಾಗುತ್ತದೆ. ವಿಷಯವೇ ಕಠಿಣ, ಆದ್ದರಿಂದ ಹೀಗಾಗುತ್ತದೆ ಎಂದು ಹೇಳಿ ಮುಂದೆ ಹೋಗಬಹುದು. ನನ್ನ ಅಭಿಪ್ರಾಯ ಬೇರೆ. ಡಾಕ್ಯುಮೆಂಟೇಶನ್ ಬರೆಯುವ ನಾವು ಆರಿಸಿಕೊಳ್ಳುವ ಉದಾಹರಣೆಗಳು ವಿಷಯವನ್ನು ಇರುವುದಕ್ಕಿಂತ ಹೆಚ್ಚು ಕಠಿಣವಾಗಿ ಕಾಣಿಸುತ್ತಿವೆ. ನಮ್ಮ ಉದಾಹರಣೆಗಳೆಲ್ಲ ಫಂಕ್ಷನ್ನಿನ ಒಳಗೆ ನಿಂತು ಮಾತನಾಡುತ್ತವೆ. ಲೈಫ್‌ಟೈಮ್‌ನ ಪರಿಣಾಮ ತಟ್ಟುವುದು ಮಾತ್ರ ಆ ಫಂಕ್ಷನ್ನನ್ನು ಹೊರಗಿನಿಂದ ಕರೆಯುವವರಿಗೆ.

ವಿಷಯದ ತಿರುಳು ಇಷ್ಟು. ರಸ್ಟ್‌ನಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಮಾಲೀಕ ವೇರಿಯಬಲ್ ಇರುತ್ತದೆ. ಆ ವೇರಿಯಬಲ್‌ನ ವ್ಯಾಪ್ತಿ ಮುಗಿದಾಗ ಮೌಲ್ಯವೂ ಇಲ್ಲವಾಗುತ್ತದೆ, ಅದು ಹಿಡಿದಿದ್ದ ಮೆಮೊರಿ ಬಿಡುಗಡೆಯಾಗುತ್ತದೆ. ರೆಫರೆನ್ಸ್ ಎಂಬುದು ಮಾಲೀಕತ್ವವಿಲ್ಲದೆ ಆ ಮೌಲ್ಯವನ್ನು ತೋರಿಸುವ ವಿಳಾಸ. ಅದನ್ನು ಪಡೆಯುವುದಕ್ಕೆ ಎರವಲು ಎನ್ನುತ್ತಾರೆ. ಮೌಲ್ಯ ಹೋದ ಮೇಲೂ ವಿಳಾಸ ಉಳಿದುಕೊಂಡು, ಅದರ ಮೂಲಕ ಯಾರಾದರೂ ಓದಲು ಹೋದರೆ ಸಿ ಭಾಷೆಯಲ್ಲಿ ಏನು ಬೇಕಾದರೂ ಆಗಬಹುದು. 2015ರ ಮೇ 15ರಂದು 1.0 ಆವೃತ್ತಿಯಾಗಿ ಹೊರಬಂದ ರಸ್ಟ್, ಬಳಕೆ ಮುಗಿದ ಮೆಮೊರಿಯನ್ನು ಪ್ರೋಗ್ರಾಂ ನಡೆಯುವಾಗ ಹುಡುಕಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್‌ನ ನೆರವಿಲ್ಲದೆಯೇ, ಇಂಥ ಓದನ್ನು ಕಂಪೈಲ್ ಮಾಡುವ ಹಂತದಲ್ಲಿ ತಡೆಯುತ್ತದೆ. ಅದಕ್ಕಾಗಿ ಕಂಪೈಲರ್ ಪ್ರತಿ ರೆಫರೆನ್ಸ್ ಪ್ರೋಗ್ರಾಮಿನ ಯಾವ ಭಾಗದವರೆಗೆ ಬಳಕೆಯಲ್ಲಿದೆ ಎಂಬುದನ್ನು ಲೆಕ್ಕ ಹಾಕುತ್ತದೆ. ಆ ಭಾಗವೇ ಲೈಫ್‌ಟೈಮ್. ನಾವು ಸಿಗ್ನೇಚರ್‌ನಲ್ಲಿ ಬರೆಯುವ ಗುರುತು ಯಾವ ಮೌಲ್ಯದ ಆಯಸ್ಸನ್ನೂ ಒಂದು ಸಾಲಿನಷ್ಟು ಸಹ ಹೆಚ್ಚಿಸುವುದಿಲ್ಲ. ಒಳಗೆ ಬಂದ ಯಾವ ರೆಫರೆನ್ಸ್‌ನಿಂದ ಹೊರಗೆ ಹೋಗುವ ರೆಫರೆನ್ಸ್ ಹುಟ್ಟಿತು ಎಂಬ ಸಂಬಂಧವನ್ನು ಮಾತ್ರ ಅದು ಹೇಳುತ್ತದೆ.

ಈ ಕೊನೆಯ ವಾಕ್ಯವನ್ನು ಹೆಚ್ಚುಕಡಿಮೆ ಎಲ್ಲ ಡಾಕ್ಯುಮೆಂಟೇಶನ್‌ಗಳೂ ಹೇಳುತ್ತವೆ. ಹೇಳಿದ ಮೇಲೆ ಕೊಡುವ ಉದಾಹರಣೆ ಮಾತ್ರ ಬಹಳ ಕಡೆ ಒಂದೇ: ಎರಡು ಸ್ಟ್ರಿಂಗ್‌ಗಳನ್ನು ತೆಗೆದುಕೊಂಡು ಉದ್ದವಾದದ್ದನ್ನು ಹಿಂದಿರುಗಿಸುವ ಫಂಕ್ಷನ್. ರಸ್ಟ್‌ನ ಅಧಿಕೃತ ಕಲಿಕಾ ಪುಸ್ತಕದ 10ನೇ ಅಧ್ಯಾಯದಲ್ಲಿರುವುದೂ ಇದೇ. ಆ ಪುಸ್ತಕದ ಬಗ್ಗೆ ನನಗೆ ತುಂಬ ಗೌರವವಿದೆ; ಎರಡರಲ್ಲಿ ಒಂದೇ ಆರ್ಗ್ಯುಮೆಂಟ್ (ಫಂಕ್ಷನ್ನಿಗೆ ಕೊಡುವ ಮೌಲ್ಯ) ಉತ್ತರಕ್ಕೆ ಸಂಬಂಧಪಟ್ಟಿದ್ದರೆ ಇನ್ನೊಂದಕ್ಕೆ ಗುರುತು ಬೇಕಿಲ್ಲ ಎಂಬುದನ್ನೂ ಅದು ಮುಂದೆ ಹೇಳುತ್ತದೆ. ಆದರೆ ಓದುಗರ ಮನಸ್ಸಿನಲ್ಲಿ ಅಚ್ಚಾಗುವುದು ಮೊದಲ ಉದಾಹರಣೆ, ಮತ್ತು ಇತರ ಲೈಬ್ರರಿಗಳ ಬರಹಗಾರರು ನಕಲು ಮಾಡುವುದೂ ಅದನ್ನೇ. ಅದರಲ್ಲಿ ಎರಡೂ ಆರ್ಗ್ಯುಮೆಂಟ್‌ಗಳಿಗೂ ಹಿಂದಿರುಗುವ ಮೌಲ್ಯಕ್ಕೂ ಒಂದೇ ಗುರುತು. ಹಾಗೆ ನೋಡಿದರೆ ಅದು ನಿಜಕ್ಕೂ ಸರಿಯಾದ ಸಿಗ್ನೇಚರ್, ಏಕೆಂದರೆ ಉತ್ತರ ಎರಡರಲ್ಲಿ ಯಾವುದರಿಂದಲಾದರೂ ಬರಬಹುದು. ಆದರೆ ಅದನ್ನು ಮಾತ್ರ ನೋಡಿದ ಓದುಗರು ಕಲಿಯುವುದು ಬೇರೆ ಪಾಠವನ್ನು: ರೆಫರೆನ್ಸ್ ಕಂಡಲ್ಲೆಲ್ಲ ಒಂದೇ ಅಕ್ಷರವನ್ನು ಅಂಟಿಸಿದರೆ ಕಂಪೈಲರ್ ಸುಮ್ಮನಾಗುತ್ತದೆ ಎಂದು.

ಇದರ ಪರಿಣಾಮ ಏನೆಂದು ತೋರಿಸಲು ನಮ್ಮ ಊರಿನ ಕೆಲಸದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಇಲ್ಲಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಮುಂದಿನ ಫಸಲಿನ ಅಂದಾಜು ನಿಂತಿರುವುದರಿಂದ ಈ ಲೆಕ್ಕವನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಅಂಥ ಪುಸ್ತಕಗಳನ್ನು ಪಠ್ಯ ಕಡತಗಳಾಗಿ ಮಾಡಿ ಓದುವ ಒಂದು ಚಿಕ್ಕ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತೇನೆ. ಕಡತದ ಪ್ರತಿ ಸಾಲಿನಲ್ಲಿ ಊರಿನ ಹೆಸರು, ತಾರೀಖು ಮತ್ತು ಅಳತೆ ಇರುತ್ತವೆ: ಬಾಳೆಹೊನ್ನೂರು, ಮಾರ್ಚ್ 14, 1 ಇಂಚು 40 ಸೆಂಟ್, ಹೀಗೆ. ಇದರಲ್ಲಿ ‘ಸಾಲು_ಹುಡುಕು’ ಎಂಬ ಫಂಕ್ಷನ್ ಇದೆ ಎಂದುಕೊಳ್ಳಿ. ಅದು ಎರಡು ರೆಫರೆನ್ಸ್‌ಗಳನ್ನು ತೆಗೆದುಕೊಳ್ಳುತ್ತದೆ: ಒಂದು ಇಡೀ ಪಠ್ಯದ್ದು, ಅದರ ಹೆಸರು ‘ದಾಖಲೆ’, ಇನ್ನೊಂದು ಹುಡುಕಬೇಕಾದ ಹೆಸರಿನದು, ಅದು ‘ಊರು’. ಆ ಊರಿನ ಮೊದಲ ಸಾಲನ್ನು, ನಕಲು ಮಾಡದೆ, ದಾಖಲೆಯ ಒಳಗಿನ ಒಂದು ತುಂಡಿನ ರೆಫರೆನ್ಸ್ ಆಗಿ ಅದು ಹಿಂದಿರುಗಿಸುತ್ತದೆ.

ಗುರುತುಗಳಿಲ್ಲದೆ ಇದನ್ನು ಬರೆದರೆ ಕಂಪೈಲರ್ ಇ0106 ಎಂಬ ಸಂಖ್ಯೆಯ ದೋಷವನ್ನು ಕೊಡುತ್ತದೆ. ಗುರುತು ಬಿಟ್ಟರೂ ನಡೆಯುವ ಸಂದರ್ಭಗಳಿಗೆ ರಸ್ಟ್‌ನಲ್ಲಿ ನಿಯಮಗಳಿವೆ: ಒಳಬರುವ ಪ್ರತಿ ರೆಫರೆನ್ಸ್‌ಗೂ ಅದರದೇ ಲೈಫ್‌ಟೈಮ್ ಸಿಗುತ್ತದೆ, ಒಳಬರುವ ಲೈಫ್‌ಟೈಮ್ ಒಂದೇ ಆಗಿದ್ದರೆ ಹೊರಹೋಗುವುದಕ್ಕೂ ಅದೇ ಅನ್ವಯಿಸುತ್ತದೆ, ಒಂದು ಟೈಪ್‌ಗೆ ಸೇರಿದ ಫಂಕ್ಷನ್, ಅಂದರೆ ಮೆಥಡ್ ಆಗಿದ್ದು, ಅದನ್ನು ಯಾವ ಮೌಲ್ಯದ ಮೇಲೆ ಕರೆದೆವೋ ಆ ಸೆಲ್ಫ್‌ನ ರೆಫರೆನ್ಸ್ ಇದ್ದರೆ ಸೆಲ್ಫ್‌ನದ್ದು ಅನ್ವಯಿಸುತ್ತದೆ. ನಮ್ಮ ಫಂಕ್ಷನ್ ಮೆಥಡ್ ಅಲ್ಲ, ಒಳಬರುವ ರೆಫರೆನ್ಸ್‌ಗಳು ಎರಡು. ಆದ್ದರಿಂದ ಕಂಪೈಲರ್ ತಾನಾಗಿ ತೀರ್ಮಾನಿಸಲು ನಿರಾಕರಿಸುತ್ತದೆ. ನಿರಾಕರಿಸಿದ ಮೇಲೆ ಒಂದು ಸಲಹೆಯನ್ನೂ ಕೊಡುತ್ತದೆ: ಒಂದು ಗುರುತನ್ನು ಘೋಷಿಸಿ, ಅದನ್ನು ಎರಡೂ ಆರ್ಗ್ಯುಮೆಂಟ್‌ಗಳಿಗೂ ಉತ್ತರಕ್ಕೂ ಹಾಕಿ. ಉದ್ದದ ಸ್ಟ್ರಿಂಗ್‌ನ ಉದಾಹರಣೆಯನ್ನು ಓದಿ ಬಂದವರಿಗೆ ಈ ಸಲಹೆ ಪರಿಚಿತವಾಗಿ ಕಾಣುತ್ತದೆ. ಹಾಕುತ್ತಾರೆ, ಫಂಕ್ಷನ್ ಕಂಪೈಲ್ ಆಗುತ್ತದೆ.

ತೊಂದರೆ ಆರಂಭವಾಗುವುದು ಇಲ್ಲಿಂದ. ಕರೆಯುವವರು ‘ಸಿಕ್ಕಿದ್ದು’ ಎಂಬ ವೇರಿಯಬಲ್ ಅನ್ನು ಹೊರಗೆ ಘೋಷಿಸಿ, ಒಳಗಿನ ಒಂದು ಬ್ಲಾಕ್‌ನಲ್ಲಿ ಬಳಕೆದಾರರಿಂದ ಊರಿನ ಹೆಸರನ್ನು ಓದಿಕೊಂಡು ಒಂದು ಹೊಸ ಸ್ಟ್ರಿಂಗ್ ಕಟ್ಟಿ, ಫಂಕ್ಷನ್ನನ್ನು ಕರೆದು ಉತ್ತರವನ್ನು ‘ಸಿಕ್ಕಿದ್ದು’ವಿಗೆ ಹಾಕುತ್ತಾರೆ. ಬ್ಲಾಕ್ ಮುಗಿದ ಮೇಲೆ ಅದನ್ನು ಮುದ್ರಿಸುತ್ತಾರೆ. ಊರಿನ ಹೆಸರಿನ ಸ್ಟ್ರಿಂಗ್ ಬ್ಲಾಕ್‌ನ ಜೊತೆಗೇ ಹೋಯಿತು, ದಾಖಲೆ ಇನ್ನೂ ಇದೆ, ಸಿಕ್ಕ ಸಾಲು ಇರುವುದು ದಾಖಲೆಯ ಒಳಗೆ. ನ್ಯಾಯವಾಗಿ ನೋಡಿದರೆ ಯಾವ ಅಪಾಯವೂ ಇಲ್ಲ. ಆದರೂ ಕಂಪೈಲರ್ ಇ0597 ಎನ್ನುತ್ತದೆ, ಊರಿನ ಹೆಸರು ಸಾಕಷ್ಟು ಕಾಲ ಉಳಿಯುವುದಿಲ್ಲ ಎನ್ನುತ್ತದೆ. ಹಾಸನದಿಂದ ನಮ್ಮ ಗುಂಪಿಗೆ ಬರುವ ಒಬ್ಬ ಹುಡುಗ ಇಲ್ಲಿಯೇ ನಿಂತು, ‘ಸರ್, ಫಂಕ್ಷನ್ ಸರಿಯಾಗಿಯೇ ಕಂಪೈಲ್ ಆಯಿತಲ್ಲ, ತಪ್ಪನ್ನು ನನ್ನ ಮೇನ್ ಒಳಗೆ ಏಕೆ ತೋರಿಸುತ್ತಿದೆ?’ ಎಂದು ಕೇಳಿದ. ಮೇನ್ ಎಂದರೆ ಪ್ರೋಗ್ರಾಂ ಆರಂಭವಾಗುವ ಫಂಕ್ಷನ್, ಇಲ್ಲಿ ಕರೆಯುವವರ ಕೋಡ್. ಲೈಫ್‌ಟೈಮ್ ಕುರಿತು ಕೇಳಬೇಕಾದ ಪ್ರಶ್ನೆ ನಿಜವಾಗಿ ಇದೇ. ಕಂಪೈಲರ್ ಮೇನ್ ಅನ್ನು ಪರಿಶೀಲಿಸುವಾಗ ಆ ಫಂಕ್ಷನ್ನಿನ ಒಳಗನ್ನು ನೋಡುವುದಿಲ್ಲ, ಸಿಗ್ನೇಚರನ್ನು ಮಾತ್ರ ನೋಡುತ್ತದೆ. ಉತ್ತರವು ಊರಿನ ಹೆಸರಿನಿಂದಲೂ ಬಂದಿರಬಹುದು ಎಂದು ಸಿಗ್ನೇಚರ್ ಹೇಳಿದ್ದರಿಂದ ಹೆಸರು ಇರುವವರೆಗೆ ಮಾತ್ರ ಉತ್ತರವನ್ನು ಬಳಸಬಹುದೆಂದು ಅದು ತೀರ್ಮಾನಿಸಿತು. ಗುರುತನ್ನು ದಾಖಲೆಗೂ ಉತ್ತರಕ್ಕೂ ಮಾತ್ರ ಉಳಿಸಿ ಊರಿನಿಂದ ತೆಗೆದರೆ ಮೇನ್‌ನ ಒಂದಕ್ಷರವನ್ನೂ ಮುಟ್ಟದೆ ಪ್ರೋಗ್ರಾಂ ಕಂಪೈಲ್ ಆಗುತ್ತದೆ.

ಈ ಒಂದು ಉದಾಹರಣೆಯಲ್ಲಿ ನನಗೆ ಬೇಕಾದದ್ದೆಲ್ಲ ಇದೆ. ಎರಡು ಆರ್ಗ್ಯುಮೆಂಟ್‌ಗಳ ಪಾತ್ರ ಬೇರೆ ಬೇರೆ ಎಂಬುದು ಹೆಸರುಗಳಿಂದಲೇ ಗೊತ್ತಾಗುತ್ತದೆ. ಗುರುತು ಎಲ್ಲಿ ಬೇಕು ಎಂಬುದಷ್ಟೇ ಅಲ್ಲದೆ ಎಲ್ಲಿ ಬೇಡ ಎಂಬುದೂ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿಗ್ನೇಚರ್‌ನಲ್ಲಿ ಮಾಡಿದ ಆಯ್ಕೆಯ ಬೆಲೆಯನ್ನು ತೆರುವವರು ಯಾರು ಎಂಬುದು ಕಣ್ಣಿಗೆ ಕಾಣುತ್ತದೆ. ರೆಫರೆನ್ಸ್ ಹಿಂದಿರುಗಿಸುವ ಯಾವುದೇ ಫಂಕ್ಷನ್ನಿನ ವಿವರಣೆಯಲ್ಲಿ ಕರೆಯುವವರಿಗೆ ಬೇಕಾದ ಉತ್ತರಗಳು ಸಿಗಲೇಬೇಕು: ನನಗೆ ಸಿಕ್ಕ ರೆಫರೆನ್ಸ್ ಯಾವುದರ ಒಳಗಿನದು, ಅದು ನನ್ನ ಬಳಿ ಇರುವಷ್ಟು ಕಾಲ ನಾನು ಏನನ್ನು ಮಾಡುವಂತಿಲ್ಲ, ನಾನು ಕೊಟ್ಟವುಗಳಲ್ಲಿ ಯಾವುದನ್ನು ಕರೆ ಮುಗಿದ ಕ್ಷಣವೇ ಬಿಟ್ಟುಬಿಡಬಹುದು. ಸಿಗ್ನೇಚರ್ ಈ ಉತ್ತರಗಳನ್ನು ಹೊಂದಿರುತ್ತದೆ ಎಂಬುದು ನಿಜ. ಅದನ್ನು ಓದಬಲ್ಲವರಿಗೆ ಡಾಕ್ಯುಮೆಂಟೇಶನ್ ಬೇಕಾಗಿಲ್ಲ. ಓದಲು ಇನ್ನೂ ಕಲಿಯುತ್ತಿರುವವರಿಗಾಗಿ ಅಲ್ಲವೇ ನಾವು ಬರೆಯುವುದು?

‘ಏನನ್ನು ಮಾಡುವಂತಿಲ್ಲ’ ಎಂಬ ಪ್ರಶ್ನೆಯ ಮೇಲೆ ಇನ್ನಷ್ಟು ಹೇಳಬೇಕು, ಏಕೆಂದರೆ ಉದಾಹರಣೆಗಳು ಅದನ್ನು ನಿಷೇಧವಾಗಿ ಹೇಳಿ ಕಾರಣವನ್ನು ಬಿಟ್ಟುಬಿಡುತ್ತವೆ. ವೆಕ್ಟರ್ (ಬೆಳೆಯಬಲ್ಲ ಪಟ್ಟಿ) ಒಂದರ ಮೊದಲ ಅಂಶದ ರೆಫರೆನ್ಸ್ ಹಿಡಿದುಕೊಂಡು, ಆಮೇಲೆ ಅದೇ ವೆಕ್ಟರ್‌ಗೆ ಹೊಸ ಅಂಶವನ್ನು ಸೇರಿಸಿ, ನಂತರ ಹಳೆಯ ರೆಫರೆನ್ಸ್ ಅನ್ನು ಓದಿದರೆ ಇ0502 ಬರುತ್ತದೆ. ಓದಲು ಮಾತ್ರ ಬಿಡುವ ಹಂಚಿಕೊಂಡ ರೆಫರೆನ್ಸ್ ಇರುವಾಗ ಬದಲಾಯಿಸುವ ರೆಫರೆನ್ಸ್ ಪಡೆಯುವಂತಿಲ್ಲ ಎಂಬ ನಿಯಮವನ್ನು ಉಲ್ಲೇಖಿಸಿ ವಿವರಣೆ ಮುಗಿಯುತ್ತದೆ. ಕಲಿಯುವವರಿಗೆ ಅದು ಹಟದಂತೆ ಕಾಣುತ್ತದೆ: ಕೊನೆಗೆ ಒಂದು ಅಂಶ ಸೇರಿಸಿದರೆ ಮೊದಲನೆಯದಕ್ಕೆ ಏನಾಗುತ್ತದೆ? ವೆಕ್ಟರ್ ತನಗಾಗಿ ತೆಗೆದಿಟ್ಟ ಜಾಗ ತುಂಬಿದ್ದರೆ, ಸೇರಿಸುವ ಹೊತ್ತಿಗೆ ಅದು ಹೆಚ್ಚು ದೊಡ್ಡ ಜಾಗವನ್ನು ಬೇರೆ ಕಡೆ ಪಡೆದು ಎಲ್ಲ ಅಂಶಗಳನ್ನೂ ಅಲ್ಲಿಗೆ ಸಾಗಿಸಬೇಕಾಗಬಹುದು; ಹಳೆಯ ಜಾಗ ಬಿಡುಗಡೆಯಾಗುತ್ತದೆ; ನಮ್ಮ ರೆಫರೆನ್ಸ್ ಇನ್ನೂ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ. ಸಿ++ನಲ್ಲಿ ಇದೇ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಕೆಲವು ದಿನ ಸರಿಯಾಗಿ ನಡೆಯಲೂಬಹುದು. ಈ ಎರಡು ವಾಕ್ಯಗಳನ್ನು ಉದಾಹರಣೆಯ ಕೆಳಗೆ ಬರೆದರೆ ನಿಯಮವು ಯಾರೋ ಹೇರಿದ್ದಾಗಿ ಉಳಿಯುವುದಿಲ್ಲ, ಯಂತ್ರದೊಳಗೆ ನಡೆಯುವ ಒಂದು ಸಂಗತಿಯ ಹೆಸರಾಗುತ್ತದೆ.

ಕಾರಣವನ್ನು ಬಿಟ್ಟು ಅದರ ಜಾಗಕ್ಕೆ ಹೋಲಿಕೆಯನ್ನು ತರುವ ರೂಢಿಯೂ ಇದೆ. ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ಪಡೆಯುವ ಹೋಲಿಕೆಯನ್ನು ಓದದವರು ಕಡಿಮೆ. ನಾನು ಅದನ್ನು ನಮ್ಮ ಲೈಬ್ರರಿಯ ವಿವರಣೆಯಿಂದ ಪೂರ್ತಿಯಾಗಿ ತೆಗೆದುಹಾಕಿದ್ದೇನೆ. ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಗ್ರಂಥಾಲಯದಲ್ಲಿ ಇರುವುದಿಲ್ಲ. ಹಂಚಿಕೊಂಡ ರೆಫರೆನ್ಸ್ ಇರುವಾಗ ಮಾಲೀಕ ವೇರಿಯಬಲ್ ಕೂಡ ಮೌಲ್ಯವನ್ನು ಓದಬಲ್ಲದು. ಇನ್ನೂ ದೊಡ್ಡ ತೊಡಕೆಂದರೆ, ಹಿಂದಿರುಗಿಸುವ ತಾರೀಖನ್ನು ಗ್ರಂಥಪಾಲಕರು ಮುಂದೂಡಬಲ್ಲರು. ಗುರುತು ಬರೆದರೆ ಮೌಲ್ಯದ ಆಯಸ್ಸು ಹೆಚ್ಚುತ್ತದೆ ಎಂಬ ತಪ್ಪು ನಂಬಿಕೆಗೆ ಈ ಹೋಲಿಕೆ ನೇರವಾಗಿ ನೀರೆರೆಯುತ್ತದೆ. ಅದರ ಬದಲು ಉದಾಹರಣೆಯ ಸಾಲುಗಳಿಗೆ ಸಂಖ್ಯೆ ಕೊಟ್ಟು, ದಾಖಲೆ 1ನೇ ಸಾಲಿನಿಂದ 9ನೇ ಸಾಲಿನವರೆಗೆ ಇದೆ, ಊರು 4ರಿಂದ 6ರವರೆಗೆ ಇದೆ, ಸಿಕ್ಕಿದ್ದರ ಕೊನೆಯ ಬಳಕೆ 8ರಲ್ಲಿ ಇದೆ ಎಂದು ಬರೆದರೆ ಸಾಕು. ಓದುಗರು ಬೆರಳಿಟ್ಟು ಪರೀಕ್ಷಿಸಬಹುದಾದ ಮಾತು ಅದು.

ಕೊನೆಯ ಬಳಕೆ ಎಂಬುದನ್ನು ಒತ್ತಿ ಹೇಳುವುದಕ್ಕೂ ಕಾರಣವಿದೆ. ಆರಂಭದ ವರ್ಷಗಳಲ್ಲಿ ರೆಫರೆನ್ಸ್ ಅನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟರೆ ಆ ವೇರಿಯಬಲ್ ಇರುವ ಬ್ಲಾಕ್‌ನ ಮುಚ್ಚುವ ಆವರಣದವರೆಗೆ ಎರವಲು ಮುಂದುವರಿಯುತ್ತಿತ್ತು. 2018ರ ಡಿಸೆಂಬರ್‌ನಲ್ಲಿ 1.31 ಆವೃತ್ತಿಯೊಂದಿಗೆ ಬಂದ 2018ರ ಎಡಿಷನ್‌ನಲ್ಲಿ (ಎಡಿಷನ್ ಎಂದರೆ ಪ್ರೋಗ್ರಾಂ ತಾನೇ ಆರಿಸಿಕೊಳ್ಳುವ ಭಾಷಾ ನಿಯಮಗಳ ಒಂದು ಕಂತು) ಇದು ಬದಲಾಯಿತು. ಎರವಲು ಈಗ ರೆಫರೆನ್ಸ್‌ನ ಕೊನೆಯ ಬಳಕೆಯಲ್ಲಿಯೇ ಮುಗಿಯುತ್ತದೆ. ಅದಕ್ಕೂ ಮೊದಲು ಬರೆದ ಎಷ್ಟೋ ಪಾಠಗಳು, ಎರವಲನ್ನು ಮುಗಿಸಲೆಂದೇ ಹೆಚ್ಚುವರಿ ಆವರಣಗಳನ್ನು ಹಾಕಿ, ಇಲ್ಲಿ ದೋಷ ಬರುತ್ತದೆ ಎಂದು ಬರೆದ ಜಾಗದಲ್ಲಿ ಈಗ ಯಾವ ದೋಷವೂ ಬರದೆ, ಹಾಗೆಯೇ ಉಳಿದಿವೆ. ಓದುಗರು ಅದನ್ನು ಪ್ರಯತ್ನಿಸಿ ನೋಡುತ್ತಾರೆ, ಪ್ರೋಗ್ರಾಂ ಸುಗಮವಾಗಿ ನಡೆಯುತ್ತದೆ, ಮತ್ತು ಅವರು ತಮ್ಮ ತಿಳಿವಳಿಕೆಯನ್ನೇ ಅನುಮಾನಿಸುತ್ತಾರೆ. 2025ರ ಫೆಬ್ರವರಿಯಲ್ಲಿ 1.85ರ ಜೊತೆಗೆ ಬಂದ 2024ರ ಎಡಿಷನ್ ಇಂಥದೇ ಇನ್ನೊಂದು ಬದಲಾವಣೆಯನ್ನು ತಂದಿತು: ಫಂಕ್ಷನ್ನಿನ ಕೊನೆಯ ಅಭಿವ್ಯಕ್ತಿಯಲ್ಲಿ ಹುಟ್ಟುವ ತಾತ್ಕಾಲಿಕ ಮೌಲ್ಯಗಳು ಈಗ ಸ್ಥಳೀಯ ವೇರಿಯಬಲ್‌ಗಳಿಗಿಂತ ಮೊದಲೇ ನಾಶವಾಗುತ್ತವೆ. ಸ್ಥಳೀಯ ರೆಫ್‌ಸೆಲ್ (ಎರವಲಿನ ನಿಯಮವನ್ನು ಪ್ರೋಗ್ರಾಂ ನಡೆಯುವಾಗ ಪರಿಶೀಲಿಸುವ ಪೆಟ್ಟಿಗೆ) ಒಂದನ್ನು ಎರವಲು ಪಡೆದು ಅದರೊಳಗಿನ ಪಠ್ಯದ ಉದ್ದವನ್ನು ಕೊನೆಯ ಸಾಲಿನಲ್ಲಿ ಹಿಂದಿರುಗಿಸುವ ಫಂಕ್ಷನ್ 2021ರ ಎಡಿಷನ್‌ನಲ್ಲಿ ಇ0597 ಕೊಡುತ್ತಿತ್ತು, ಈಗ ಕೊಡುವುದಿಲ್ಲ.

ಆದ್ದರಿಂದ ಕಂಪೈಲ್ ಆಗದ ಉದಾಹರಣೆಯನ್ನು ಕೂಡ ಯಂತ್ರವೇ ಪರೀಕ್ಷಿಸುವಂತೆ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ರಸ್ಟ್‌ಡಾಕ್ ಎಂಬ ಸಾಧನ ವಿವರಣೆಯೊಳಗಿನ ಪ್ರತಿಯೊಂದು ಕೋಡ್ ತುಣುಕನ್ನೂ ಪರೀಕ್ಷೆಯಾಗಿ ಓಡಿಸಬಲ್ಲದು. ತುಣುಕಿನ ತಲೆಗೆ ‘ಕಂಪೈಲ್ ಫೇಲ್’ ಎಂಬ ಗುಣವನ್ನು ಕೊಟ್ಟರೆ ಅದು ಕಂಪೈಲ್ ಆಗದಿದ್ದಾಗ ಮಾತ್ರ ಪರೀಕ್ಷೆ ತೇರ್ಗಡೆಯಾಗುತ್ತದೆ. ಭಾಷೆ ಬದಲಾಗಿ ಅದು ಕಂಪೈಲ್ ಆಗತೊಡಗಿದ ದಿನ ನಮಗೆ ಸುದ್ದಿ ಬರುತ್ತದೆ. ಯಾವ ಎಡಿಷನ್‌ಗೆ ಸಂಬಂಧಿಸಿದ್ದು ಎಂದೂ ಅದೇ ತಲೆಸಾಲಿನಲ್ಲಿ ಹೇಳಬಹುದು. ಇದರಲ್ಲಿ ಒಂದು ಕೊರತೆ ಇದೆ: ಒಂದು ಅರ್ಧವಿರಾಮ ಬಿಟ್ಟುಹೋಗಿ ಕಂಪೈಲ್ ಆಗದಿದ್ದರೂ ಪರೀಕ್ಷೆ ತೇರ್ಗಡೆಯೇ ಆಗುತ್ತದೆ. ಇಂಥದೇ ದೋಷಸಂಖ್ಯೆ ಬರಬೇಕೆಂದು ಬರೆಯಲು ಅವಕಾಶವಿದ್ದರೂ ಆ ಸಂಖ್ಯೆಯನ್ನು ಪರಿಶೀಲಿಸುವುದು ನೈಟ್ಲಿ ಕಂಪೈಲರ್, ಅಂದರೆ ಪ್ರತಿದಿನ ಹೊರಬರುವ ಪ್ರಾಯೋಗಿಕ ಆವೃತ್ತಿ, ಮಾತ್ರ. ಅದಕ್ಕಾಗಿ ನಾನು ಉದಾಹರಣೆಗಳನ್ನು ಜೋಡಿಯಾಗಿ ಬರೆಯುತ್ತೇನೆ: ಕಂಪೈಲ್ ಆಗದ್ದು ಒಂದು, ಅದರ ಪಕ್ಕದಲ್ಲಿಯೇ ಕಂಪೈಲ್ ಆಗುವುದು ಇನ್ನೊಂದು, ಎರಡರ ನಡುವೆ ಒಂದೇ ಸಾಲಿನ ವ್ಯತ್ಯಾಸ. ಸರಿಯಾದದ್ದು ತೇರ್ಗಡೆಯಾದರೆ ಉಳಿದ ಸಾಲುಗಳಲ್ಲಿ ಕಣ್ತಪ್ಪಿಲ್ಲ ಎಂಬ ಭರವಸೆ ಸಿಗುತ್ತದೆ, ಮತ್ತು ಓದುಗರ ಕಣ್ಣು ನೇರವಾಗಿ ಬದಲಾದ ಸಾಲಿನ ಮೇಲೆ ಹೋಗುತ್ತದೆ.

ಜೋಡಿ ಉದಾಹರಣೆಗಳು ಅತ್ಯಂತ ಹೆಚ್ಚು ನೆರವಾಗುವುದು ಸ್ಟ್ರಕ್ಟ್‌ಗಳ (ಹಲವು ಮೌಲ್ಯಗಳನ್ನು ಒಟ್ಟುಗೂಡಿಸುವ ಟೈಪ್‌ಗಳ) ಒಳಗೆ ರೆಫರೆನ್ಸ್ ಇರುವಾಗ. ದಾಖಲೆಯ ಪಠ್ಯವನ್ನು ರೆಫರೆನ್ಸ್ ಆಗಿ ಹಿಡಿದುಕೊಂಡು ಸಾಲು ಸಾಲಾಗಿ ಕೊಡುವ ‘ಮಳೆಓದುಗ’ ಎಂಬ ಸ್ಟ್ರಕ್ಟ್ ಇದೆ, ಅದರ ಮೇಲೆ ‘ಮುಂದಿನದು’ ಎಂಬ ಮೆಥಡ್ ಇದೆ. ಅದು ಸೆಲ್ಫ್ ಅನ್ನು ಬದಲಾಯಿಸುವ ರೆಫರೆನ್ಸ್ ಆಗಿ ಪಡೆದು ಒಂದು ಸಾಲಿನ ರೆಫರೆನ್ಸ್ ಹಿಂದಿರುಗಿಸುತ್ತದೆ. ಗುರುತು ಬರೆಯದೆ ಬಿಟ್ಟರೆ ಕಂಪೈಲರ್ ಒಪ್ಪುತ್ತದೆ, ಒಳಗಿನ ಕೋಡ್ ಸರಿಯಾಗಿಯೇ ಇರುತ್ತದೆ. ಆದರೆ ಮೇಲೆ ಹೇಳಿದ ನಿಯಮದಂತೆ ಉತ್ತರ ಸೆಲ್ಫ್‌ನ ಎರವಲಿಗೆ ಕಟ್ಟಿಕೊಳ್ಳುತ್ತದೆ. ಅಂದರೆ ಮೊದಲ ಸಾಲನ್ನು ಕೈಯಲ್ಲಿ ಹಿಡಿದಿರುವಷ್ಟು ಕಾಲ ಎರಡನೆಯ ಸಾಲನ್ನು ಕೇಳುವಂತಿಲ್ಲ. ಆಲ್ದೂರಿನ ಸಾಲನ್ನೂ ಮೂಡಿಗೆರೆಯ ಸಾಲನ್ನೂ ಒಟ್ಟಿಗೆ ಇಟ್ಟು ಹೋಲಿಸಲು ಹೋದವರಿಗೆ ಇ0499 ಎದುರಾಗುತ್ತದೆ: ಒಂದೇ ಮೌಲ್ಯವನ್ನು ಬದಲಾಯಿಸುವ ಎರವಲುಗಳು ಎರಡಾದವು ಎಂದು. ಉತ್ತರಕ್ಕೆ ಸ್ಟ್ರಕ್ಟ್‌ನ ಒಳಗಿರುವ ಪಠ್ಯದ ಗುರುತನ್ನು ಕೊಟ್ಟರೆ ಮೆಥಡ್‌ನ ಒಳಗೆ ಏನನ್ನೂ ಬದಲಾಯಿಸದೆ ಚಿತ್ರವೇ ಬೇರೆಯಾಗುತ್ತದೆ. ಎಷ್ಟು ಸಾಲುಗಳನ್ನಾದರೂ ಒಟ್ಟಿಗೆ ಇಟ್ಟುಕೊಳ್ಳಬಹುದು, ಮಳೆಓದುಗ ನಾಶವಾದ ಮೇಲೂ ಮೂಲ ಪಠ್ಯ ಇರುವವರೆಗೆ ಅವೆಲ್ಲ ಸುರಕ್ಷಿತ. ಮೆಥಡ್‌ನ ಪುಟದಲ್ಲಿ ಈ ಎರಡು ಸಿಗ್ನೇಚರ್‌ಗಳ ನಡುವೆ ಕಾಣುವ ವ್ಯತ್ಯಾಸ ಕೆಲವೇ ಚುಕ್ಕಿಗಳಷ್ಟು. ಬಳಕೆಯಲ್ಲಿ ಅವು ಎರಡು ಬೇರೆ ಲೈಬ್ರರಿಗಳಷ್ಟು ದೂರ. ವಿವರಣೆಯಲ್ಲಿ ‘ಮುಂದಿನ ಸಾಲನ್ನು ಕೊಡುತ್ತದೆ’ ಎಂದಷ್ಟೇ ಬರೆದು ಬಿಡುವುದು ಓದುಗರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಎರಡು ಸಾಲುಗಳನ್ನು ಒಟ್ಟಿಗೆ ಹಿಡಿಯುವ ಒಂದು ಉದಾಹರಣೆ ಅಲ್ಲಿ ಇರಲೇಬೇಕು, ಅದು ಕಂಪೈಲ್ ಆಗಲಿ, ಆಗದಿರಲಿ.

ಕಂಪೈಲರ್ ಬರೆಯುವವರೂ ಈ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಒಳಬರುವಲ್ಲಿ ಒಂದು ರೀತಿ, ಹೊರಹೋಗುವಲ್ಲಿ ಇನ್ನೊಂದು ರೀತಿ ಬರೆದು ಲೈಫ್‌ಟೈಮ್ ಹರಿಯುವ ದಾರಿಯನ್ನು ಮರೆಮಾಡುವ ಸಿಗ್ನೇಚರ್‌ಗಳಿಗೆ 2025ರ ಆಗಸ್ಟ್‌ನ 1.89 ಆವೃತ್ತಿಯಿಂದ ಎಚ್ಚರಿಕೆ ಬರುತ್ತದೆ. ಅದು ತುಂಬ ಒಳ್ಳೆಯ ಹೆಜ್ಜೆ, ಆದರೆ ಎಚ್ಚರಿಕೆ ಬರುವುದು ಲೈಬ್ರರಿ ಬರೆಯುವವರಿಗೆ. ಬಳಸುವವರಿಗೆ ಉದಾಹರಣೆಯೇ ದಿಕ್ಕು.

ಗುರುತುಗಳ ಹೆಸರಿನ ಬಗ್ಗೆಯೂ ಸ್ವಲ್ಪ ಧಾರಾಳವಾಗಿರಬೇಕು. ಒಂದಕ್ಷರದ ಹೆಸರು ರೂಢಿ, ನಿಯಮವಲ್ಲ. ದತ್ತಾಂಶವನ್ನು ಓದಿ ಬರೆಯುವ ಸರ್ಡೆ ಲೈಬ್ರರಿಯಲ್ಲಿ ಓದಲಾಗುತ್ತಿರುವ ದತ್ತಾಂಶದ ಲೈಫ್‌ಟೈಮ್‌ಗೆ ‘ಡಿಇ’ ಎಂಬ ಹೆಸರಿದೆ, ರಸ್ಟ್ ಕಂಪೈಲರ್‌ನ ಒಳಗೇ ‘ಟಿಸಿಎಕ್ಸ್’ ಎಂಬುದು ಎಲ್ಲ ಕಡೆ ಕಾಣುತ್ತದೆ. ಆ ಹೆಸರನ್ನು ಕಂಡ ಕೂಡಲೇ ಯಾವ ಮೌಲ್ಯದ ಆಯಸ್ಸಿನ ಮಾತು ಎಂಬುದು ಗೊತ್ತಾಗುತ್ತದೆ. ಸ್ಟ್ರಕ್ಟ್ ಹಿಡಿದಿರುವುದು ಪಠ್ಯವಾದರೆ ಗುರುತಿನ ಹೆಸರೂ ಪಠ್ಯ ಎಂದೇ ಇರಲಿ. 2021ರ ಜೂನ್‌ನಲ್ಲಿ ಬಂದ 1.53ರಿಂದ ವೇರಿಯಬಲ್ ಮತ್ತು ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದಾಗಿರುವುದರಿಂದ ನಮ್ಮ ಗುಂಪಿನ ಪಾಠಗಳಲ್ಲಿ ಈ ಲೇಖನದಲ್ಲಿರುವ ಹೆಸರುಗಳನ್ನೇ ಬಳಸುತ್ತೇವೆ. ಕನ್ನಡದಲ್ಲಿ ಹೀಗೆ ಬರೆಯಲು ಹೊರಟವರು ಒಂದು ಸಂಗತಿಯನ್ನು ಗಮನಿಸಬೇಕು: ಅಕ್ಷರಗಳನ್ನು ಕೂಡಿಸದೆ ಬಿಡಿಸಿ ತೋರಿಸುವ ಅಗೋಚರ ಚಿಹ್ನೆ, ಅಂದರೆ ಸಾಫ್ಟ್‌ವೇರ್ ಎಂಬ ಪದದ ನಡುವೆ ನಾವು ಒತ್ತುವ ಚಿಹ್ನೆ, ಹೆಸರುಗಳೊಳಗೆ ಬರುವಂತಿಲ್ಲ. ‘ದಾಖಲೆ’, ‘ಊರು’, ‘ಸಿಕ್ಕಿದ್ದು’ ಎಂಬಂಥ ಪದಗಳಿಗೆ ಆ ತೊಂದರೆ ಇಲ್ಲ.

ಸ್ಟ್ಯಾಟಿಕ್ ಎಂಬ ಲೈಫ್‌ಟೈಮ್‌ನ ವಿವರಣೆಯಲ್ಲಿ ಬೇಕಾಗಿರುವ ತಿದ್ದುಪಡಿ ಚಿಕ್ಕದು. ಪ್ರೋಗ್ರಾಂ ಮುಗಿಯುವವರೆಗೆ ಇರುತ್ತದೆ ಎಂಬ ವಾಕ್ಯ ಸ್ಟ್ಯಾಟಿಕ್ ರೆಫರೆನ್ಸ್‌ಗೆ ಒಪ್ಪುತ್ತದೆ. ಟೈಪ್ ಒಂದಕ್ಕೆ ಸ್ಟ್ಯಾಟಿಕ್ ಎಂಬ ಷರತ್ತು ಹಾಕಿದಾಗ ಅರ್ಥ ಬೇರೆ: ಅದರೊಳಗೆ ಬೇಗ ಮುಗಿದುಹೋಗುವ ಎರವಲು ಯಾವುದೂ ಇಲ್ಲ, ಬೇಕಾದಷ್ಟು ಕಾಲ ಇಟ್ಟುಕೊಳ್ಳಬಹುದು ಎಂದಷ್ಟೇ. ಸಾಧಾರಣ ಸ್ಟ್ರಿಂಗ್ ಆ ಷರತ್ತನ್ನು ಪೂರೈಸುತ್ತದೆ, ಮರುಕ್ಷಣವೇ ನಾಶವೂ ಆಗಬಹುದು. ಹೊಸ ಥ್ರೆಡ್ ಆರಂಭಿಸುವ ಫಂಕ್ಷನ್ನಿನ ಉದಾಹರಣೆಯಲ್ಲಿ ಮಾಲೀಕತ್ವವನ್ನೇ ಒಳಗೆ ಸಾಗಿಸುವ ಒಂದು ಸ್ಟ್ರಿಂಗ್ ಅನ್ನು ತೋರಿಸಿ, ಪಕ್ಕದಲ್ಲಿ 2022ರ ಆಗಸ್ಟ್‌ನ 1.63ರಿಂದ ಲಭ್ಯವಿರುವ, ನಿಗದಿತ ಬ್ಲಾಕ್ ಮುಗಿಯುವುದರೊಳಗೆ ಮುಗಿಯಲೇಬೇಕಾದ ಸ್ಕೋಪ್ ಥ್ರೆಡ್‌ಗಳಲ್ಲಿ ಸ್ಥಳೀಯ ರೆಫರೆನ್ಸ್ ಹೇಗೆ ಒಪ್ಪಿತವಾಗುತ್ತದೆ ಎಂಬುದನ್ನು ತೋರಿಸಿದರೆ ಗೊಂದಲ ತೀರುತ್ತದೆ. ಅದನ್ನು ಎಳೆಯುವ ಅಗತ್ಯವಿಲ್ಲ.

ದೋಷಸಂಖ್ಯೆಗಳನ್ನು ಈ ಬರಹದಲ್ಲಿ ಮತ್ತೆ ಮತ್ತೆ ಹೇಳಿರುವುದು ಬೇಕೆಂದೇ. ಹಾಸನದಲ್ಲಿಯೋ ಕೊಪ್ಪದಲ್ಲಿಯೋ ಒಬ್ಬರೇ ಕುಳಿತು, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದೆ ಕಲಿಯುವವರಿಗೆ, ದೋಷದ ಇಂಗ್ಲಿಷ್ ವಾಕ್ಯ ಪೂರ್ತಿ ಬಗೆಹರಿಯದಿದ್ದರೂ ಆ ಸಂಖ್ಯೆ ಹಿಡಿಯಲು ಸಿಗುವ ಒಂದು ಕೊಂಡಿ. ಆ ಸಂಖ್ಯೆಯನ್ನು ಕೊಟ್ಟರೆ ಕಂಪೈಲರ್ ತಾನೇ ಉದಾಹರಣೆಯೊಂದಿಗೆ ವಿವರಣೆ ಕೊಡುತ್ತದೆ. ಕನ್ನಡದಲ್ಲಿ ಬರೆದ ವಿವರಣೆಯಲ್ಲಿಯೂ ಅದೇ ಸಂಖ್ಯೆ ಇದ್ದರೆ ಓದುಗರು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಬಲ್ಲರು.

ಇಷ್ಟೆಲ್ಲ ಹೇಳಿದ ಮೇಲೆ, ರೆಫರೆನ್ಸ್ ಬೇಡವೇ ಬೇಡ ಎಂದು ಡಾಕ್ಯುಮೆಂಟೇಶನ್ ಧೈರ್ಯವಾಗಿ ಹೇಳಬೇಕಾದ ಸಂದರ್ಭಗಳೂ ಇವೆ. ಕಡತವನ್ನು ಓದಿ, ಕೆಲವು ಸಾಲುಗಳನ್ನು ಆರಿಸಿ, ಕಡತದ ಪಠ್ಯವನ್ನು ಬಿಟ್ಟುಬಿಟ್ಟು, ಆ ಸಾಲುಗಳನ್ನು ಪ್ರೋಗ್ರಾಂ ಮುಗಿಯುವವರೆಗೆ ಒಂದು ಸ್ಟ್ರಕ್ಟ್‌ನಲ್ಲಿ ಇಟ್ಟುಕೊಳ್ಳಬೇಕೆಂದರೆ ಯಾವ ಗುರುತನ್ನು ಎಲ್ಲಿ ಹಾಕಿದರೂ ಆಗದು. ಸಾಲುಗಳಿರುವುದೇ ಆ ಪಠ್ಯದೊಳಗೆ. ಹೊಸಬರು ಇಲ್ಲಿ ಗುರುತುಗಳನ್ನು ಅದಲುಬದಲು ಮಾಡುತ್ತ ಗಂಟೆಗಟ್ಟಲೆ ಕೂರುತ್ತಾರೆ, ಏಕೆಂದರೆ ನಕಲು ಮಾಡುವುದು ಸೋಲು ಎಂಬ ಭಾವನೆಯನ್ನು ಎಲ್ಲೋ ಓದಿ ತಂದುಕೊಂಡಿರುತ್ತಾರೆ. ಒಂದು ತೋಟದ ಒಂದು ವರ್ಷದ ಮಳೆಯ ಲೆಕ್ಕವೆಂದರೆ ದಿನಕ್ಕೊಂದರಂತೆ ಹೆಚ್ಚೆಂದರೆ 366 ಸಾಲು; ಅವನ್ನು ನಕಲು ಮಾಡುವುದಕ್ಕೆ ತಗಲುವ ಹೊತ್ತು ಯಾರ ಗಮನಕ್ಕೂ ಬರುವುದಿಲ್ಲ. ‘ಸಾಲು_ಹುಡುಕು’ ಫಂಕ್ಷನ್ನಿನ ವಿವರಣೆಯ ಕೊನೆಯಲ್ಲಿ, ಸಿಕ್ಕ ಸಾಲನ್ನು ಅಲ್ಲಿಯೇ ಸ್ವಂತ ಸ್ಟ್ರಿಂಗ್ ಆಗಿ ಮಾಡಿಕೊಂಡು, ದಾಖಲೆಯನ್ನು ಮುಂದಿನ ಸಾಲಿನಲ್ಲಿ ಡ್ರಾಪ್ ಮಾಡಿ, ಅದರ ಮುಂದಿನ ಸಾಲಿನಲ್ಲಿ ಆ ಸ್ಟ್ರಿಂಗ್ ಅನ್ನು ಮುದ್ರಿಸುವ ಉದಾಹರಣೆಯನ್ನು ಈ ವಾರ ಸೇರಿಸಿದ್ದೇನೆ. ಅದರ ಜೋಡಿಯಲ್ಲಿ ನಕಲು ಮಾಡುವ ಕರೆ ಒಂದನ್ನು ಮಾತ್ರ ತೆಗೆದಿದೆ. ಕಂಪೈಲರ್ ಅಲ್ಲಿ ಇ0505 ಎಂದು ನಿಲ್ಲಿಸುತ್ತದೆ, ದಾಖಲೆಯನ್ನು ಡ್ರಾಪ್ ಮಾಡಿದ ಸಾಲಿನ ಕೆಳಗೇ ಗೆರೆ ಎಳೆದು.